ಒದ್ದೆ ಬಟ್ಟೆ

ಹೆಂಡತಿ ಅಂದದ್ದು ಒಂದೇ ಮಾತು. "ನಿಮಗೇನು ರೀ, ಮರ ಎಲ್ಲಿದ್ರೂ ಕೊಯ್ಬಹುದು." ಹೊಸ ಊರಿನ ಶಾಲೆಗೆ ಮುಖ್ಯೋಪಾಧ್ಯಾಯಿನಿಯಾಗಿ ಹೋಗಲು ಒಪ್ಪಿ, ಕಾಗದಕ್ಕೆ ಸಹಿ ಹಾಕಿ ಬಂದು, ತನ್ನ ಅಣ್ಣನ ಮನೆಯವರೆಲ್ಲ ಊಟಕ್ಕೆ ಕೂತಿದ್ದಾಗ ಅಂದಳು. ಎಲ್ಲರೂ ನಕ್ಕರು. ಬಡಗಿಯೂ ನಕ್ಕ. ಇಪ್ಪತ್ತೆರಡು ವರ್ಷ ಒಂದೊಂದೇ ಉಳಿ ಕೂಡಿಸಿ ಮಾಡಿಕೊಂಡ ಅವನ ಶೆಡ್ಡು ಆ ನಗೆಯಲ್ಲಿ ಬಾಗಿಲು ಮುಚ್ಚಿತ್ತು.

ಸಿಟ್ಟು ಹಳೆಯದೇ. ಅವನು ಎಲ್ಲಿ ಕೆಲಸ ಮಾಡಿದರೂ ಅವಳು ಹಿಂದೆಯೇ ಒದ್ದೆ ಬಟ್ಟೆ ಹಿಡಿದು ಬರುತ್ತಿದ್ದಳು. ಹೊಟ್ಟು, ಅಂಟಿನ ತೊಟ್ಟು, ಪೆನ್ಸಿಲ್ ಗೀಟು, ಗಂಡನ ಬೆರಳಿನ ಗುರುತು, ಎಲ್ಲವನ್ನೂ ಒರೆಸಿಬಿಡುತ್ತಿದ್ದಳು. ಒಂದು ಮಾತೂ ಆಡುತ್ತಿರಲಿಲ್ಲ, ಅದಕ್ಕೇ ಅವನಿಗೆ ಇನ್ನಷ್ಟು ಮೈ ಉರಿಯುತ್ತಿತ್ತು. ಅವಳೊಬ್ಬಳನ್ನೇ ಕಳಿಸಿ ತಾನು ಉಳಿದುಬಿಡಬಹುದಿತ್ತು, ನಿಜ. ಆದರೆ ಅವಳು ಅಲ್ಲಿ ಸುಖವಾಗಿರುತ್ತಿದ್ದಳು. ಅದೇ ಅವನಿಗೆ ಬೇಕಿರಲಿಲ್ಲ.

ದಾರಿ ತೋರಿಸಿದವನು ಮನೆ ಬ್ರೋಕರ್. ಮಂಗಳವಾರ ಅವಳ ಫೋನಿನ ಸ್ಪೀಕರ್‌ನಲ್ಲಿ ಅವನ ಮಾತು ಅಡುಗೆಮನೆಯವರೆಗೂ ಕೇಳಿತ್ತು. "ಮೂರನೇ ಮನೆ ಹಳೇದು ಮೇಡಂ, ಮೂರನೇ ಮಹಡಿ. ನಿನ್ನೆ ತಾನೇ ಸುಣ್ಣ ಹೊಡೆಸಿದ್ದಾರೆ. ಮರದ ರೇಲಿಂಗ್ ಇರೋ ಬಾಲ್ಕನಿ ಇದೆ. ಬೀಗದ ಕೈ ಮೀಟರ್ ಪೆಟ್ಟಿಗೇಲೇ ಇರುತ್ತೆ, ಯಾವಾಗ ಬೇಕಾದ್ರೂ ನೋಡಿ." ಅವಳು ವಿಳಾಸ ಬರೆದುಕೊಂಡು, "ಭಾನುವಾರ ಇಬ್ರೂ ಬರ್ತೀವಿ. ನನಗೆ ಬೇಕಾಗಿರೋದು ಅದೇ ಮನೆ" ಅಂದಳು. ಯಾಕೆ ಅದೇ ಎಂದು ಬಡಗಿ ಕೇಳಲಿಲ್ಲ.

ಗುರುವಾರ "ಮರ ನೋಡ್ಕೊಂಡು ಬರ್ತೀನಿ" ಎಂದು ಹೊರಟ. ಫೋನನ್ನು ಶೆಡ್ಡಿನಲ್ಲೇ ಮರೆತವನಂತೆ ಬಿಟ್ಟ. ಮೊದಲ ನೋಟಕ್ಕೇ ಊರು ಅವನಿಗೆ ಹಿಡಿಸಿತು, ಅದೂ ಒಂದು ಸಿಟ್ಟು. ಅಗಲವಾದ ಕಾಲುದಾರಿ, ಬಸ್ಸಿಗೆ ನೂಕಾಟವಿಲ್ಲದೆ ನಿಂತ ಸಾಲು, ಹಳೆಯ ಅಂಗಡಿಗಳಿಗೆ ಗಟ್ಟಿ ಮರದ ಬಾಗಿಲುಗಳು. ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಕೊಲೆಗೆ ಹೇಳಿ ಮಾಡಿಸಿದಂಥ ಊರು.

ಮೀಟರ್ ಪೆಟ್ಟಿಗೆಯಿಂದ ಬೀಗದ ಕೈ ತೆಗೆದು ಮೂರನೇ ಮನೆಯೊಳಗೆ ಹೋದ. ರೇಲಿಂಗಿನ ಬುಡ ಅವನು ಊಹಿಸಿದ್ದಂತೆಯೇ ಕೊಳೆತಿತ್ತು. ಹಿಡಿದಿದ್ದದ್ದು ನಾಲ್ಕು ಹಿತ್ತಾಳೆ ಸ್ಕ್ರೂ ಮಾತ್ರ. ಎದುರಿನ ಕಿಟಕಿಗಳಿಗೆ ಕಾಣದಿರಲೆಂದು ಬಾಲ್ಕನಿಯ ಬಾಗಿಲು ಹಾಕಿಕೊಂಡು, ಒಳಗೆ ನಿಂತು ಅಳತೆಯ ಲೆಕ್ಕ ಹಾಕಿದ. ದೂರದ ಬೀದಿಯಲ್ಲಿ ಅದೇ ತಲೆಯ ಗಿಡ್ಡ ಸ್ಕ್ರೂಗಳನ್ನು ಕೊಂಡು ತಂದ. ಉದ್ದದವು ಹೊರಗೆ, ಗಿಡ್ಡವು ಒಳಗೆ, ಸಂದಿಗೆ ಮೇಣದಲ್ಲಿ ಕಲಸಿದ ಹೊಟ್ಟು. ಕೆಲಸ ಎಷ್ಟು ನಾಜೂಕಾಗಿತ್ತೆಂದರೆ ಯಾರಿಗೂ ತೋರಿಸುವಂತಿಲ್ಲವಲ್ಲ ಎಂದು ಬೇಸರವಾಯಿತು. ನೆಲ ಗುಡಿಸಿದ, ಬಸ್ ಟಿಕೆಟ್ ಹರಿದು ಚರಂಡಿಗೆ ಹಾಕಿದ. ಜೇಬಿನಲ್ಲಿ ಒಂದು ಚೂರು ಕಾಗದವೂ ಇರಲಿಲ್ಲ.

ಭಾನುವಾರ ಅವಳು ಬಸ್ಸಿಳಿದವಳೇ ಸುತ್ತ ನೋಡಿ, "ಇಲ್ಲಿ ಉಸಿರಾಡೋಕೆ ಜಾಗ ಇದೆ ಅಲ್ವಾ ರೀ?" ಅಂದಳು. ಅವನೂ ಊರನ್ನು ಮೊದಲ ಸಲ ಕಂಡವನಂತೆ ಬಾಯಿ ಬಿಟ್ಟುಕೊಂಡು ನೋಡಿದ. ಮೊದಲ ಮನೆಗೆ ಪಕ್ಕದವರ ಟಿವಿ ಕೇಳುತ್ತಿತ್ತು. ಎರಡನೆಯದು ಹಗಲಲ್ಲೂ ಕತ್ತಲೆ. ಮೂರನೆಯದಕ್ಕೆ ಹೋಗುವಾಗ ವೃತ್ತದ ಹತ್ತಿರ ಅವನ ಕಾಲು ತಾನಾಗಿಯೇ ಎಡಕ್ಕೆ ತಿರುಗಿತು. ತಕ್ಷಣ ಬಗ್ಗಿ ಚಪ್ಪಲಿ ಸರಿಮಾಡಿಕೊಂಡು, "ಯಾವ ಕಡೆ ಹೋಗ್ಬೇಕು?" ಎಂದು ಬ್ರೋಕರ್‌ನನ್ನು ಕೇಳಿದ. ತನ್ನ ಜಾಣತನಕ್ಕೆ ತಾನೇ ಒಳಗೊಳಗೆ ಬೆನ್ನು ತಟ್ಟಿಕೊಂಡ.

ಮೂರನೆಯ ಮನೆಯಲ್ಲಿ ಬಾಲ್ಕನಿಯ ಬಾಗಿಲನ್ನು ಅವನೇ ಒಳಕ್ಕೆಳೆದು, ಗೋಡೆಗೆ ತಾಗುವವರೆಗೆ ತೆರೆದ. "ನಿನ್ನ ಊರು ಹೇಗೆ ಕಾಣ್ಸುತ್ತೆ ನೋಡು ಹೋಗು" ಎಂದು ಅವಳಿಗೆ ಹೇಳಿ, ಸಾಕ್ಷಿಗೆಂದು ಬ್ರೋಕರ್‌ನನ್ನು ಕರೆದುಕೊಂಡು ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿದ.

"ರೀ, ಬನ್ನಿ ಇಲ್ಲಿ!" ಅವಳ ದನಿಯಲ್ಲಿ ಹುಡುಗಿಯ ಸಂಭ್ರಮವಿತ್ತು. "ಕೆಳಗೆ ಶೆಡ್ ಇದೆ, ನೋಡಿ! ನಿಮ್ಮ ಕೆಲಸಕ್ಕೇ ಅಂತ ಕೇಳಿ ಇಡಿಸಿದ್ದೀನಿ. ಹೇಳಿರ್ಲಿಲ್ಲ ನಿಮಗೆ. ಇರಿ, ಅದರ ಬಾಗಿಲು ಎಷ್ಟು ಅಗಲ ಇದೆ ಬಗ್ಗಿ ನೋಡ್ತೀನಿ..."

ಕೂಗಿ ನಿಲ್ಲಿಸಲು ಸಮಯವಿತ್ತು. ಬಡಗಿ ನಲ್ಲಿಯ ಕೆಳಗೆ ಕೈಯೊಡ್ಡಿ, "ನೀರು ಚೆನ್ನಾಗಿ ಬರುತ್ತೆ" ಅಂದ. ಮರ ಮುರಿದ ಸದ್ದು ಅವನು ಲೆಕ್ಕ ಹಾಕಿದ್ದಕ್ಕಿಂತ ಸಣ್ಣದಾಗಿತ್ತು.

ಅಳುವುದರಲ್ಲೂ ಅವನದು ಎತ್ತಿದ ಕೈ ಎಂದು ಆಮೇಲೆ ಗೊತ್ತಾಯಿತು. ಇನ್‌ಸ್ಪೆಕ್ಟರ್ ಕೊಳೆತ ಬುಡ ನೋಡಿ ತಲೆಯಾಡಿಸಿದರು. "ಓನರ್‌ನ ಒಳಗೆ ಹಾಕ್ಬೇಕು. ನೀವು ಈ ಊರಿಗೆ ಮೊದಲ ಸಲಾನಾ?"

"ಮೊದಲ ಸಲ ಸರ್. ಇವತ್ತೇ ಕಾಲಿಟ್ಟಿದ್ದು."

"ನಿಮ್ಮ ಮನೆಯವರ ಅಣ್ಣನ ಹೆಸರು, ನಂಬರ್ ಹೇಳಿ." ಇನ್‌ಸ್ಪೆಕ್ಟರ್ ಪೆನ್ನು ಮೂಡಲಿಲ್ಲ. ಬಡಗಿ ಕಿವಿಯ ಸಂದಿಯಿಂದ ತನ್ನ ಚಪ್ಪಟೆ ಪೆನ್ಸಿಲ್ ತೆಗೆದು, ಅವರ ಪುಸ್ತಕದಲ್ಲಿ ತಾನೇ ದಪ್ಪಗೆ ಬರೆದುಕೊಟ್ಟ. ಎಷ್ಟು ಒಳ್ಳೆಯ ಮನುಷ್ಯ ಎಂಬಂತೆ ಅವರು ಅವನ ಭುಜ ತಟ್ಟಿದರು.

"ಇನ್ನೊಬ್ರು ಬಿದ್ದಾರು, ಆ ಬಾಗಿಲು ಹಾಕಪ್ಪ" ಎಂದರು ಪೇದೆಗೆ. ಪೇದೆ ಬಾಗಿಲನ್ನು ಗೋಡೆಯಿಂದ ಬಿಡಿಸಿ ಎಳೆದ. ಬಾಗಿಲು ಮರೆಮಾಡಿದ್ದ ಜಾಗದಲ್ಲಿ, ಆರು ದಿನದ ಹಿಂದಷ್ಟೇ ಹೊಡೆದ ಬಿಳಿ ಸುಣ್ಣದ ಮೇಲೆ, ಪುಟ್ಟದೊಂದು ರೇಲಿಂಗಿನ ಚಿತ್ರವಿತ್ತು. ಅದರ ಕೆಳಗೆ ಚಪ್ಪಟೆ ಪೆನ್ಸಿಲಿನ ದಪ್ಪ ಅಕ್ಷರ: "ಸ್ಕ್ರೂ 4. ಎರಡೂವರೆ ಇಂಚು ತೆಗಿ, ಅರ್ಧ ಇಂಚು ಹಾಕು." ಇನ್‌ಸ್ಪೆಕ್ಟರ್ ಒಮ್ಮೆ ಗೋಡೆ ನೋಡಿದರು, ಒಮ್ಮೆ ಕೈಯಲ್ಲಿದ್ದ ಪುಸ್ತಕ ನೋಡಿದರು. ಬಡಗಿಗೆ ಅದನ್ನು ಬರೆದ ನೆನಪೇ ಇರಲಿಲ್ಲ. ಗೋಡೆಯ ಮೇಲೆ ಬರೆಯದೆ ಅವನ ತಲೆಗೆ ಯಾವ ಅಳತೆಯೂ ಹತ್ತುತ್ತಿರಲಿಲ್ಲ. ಬರೆದದ್ದು ಉಳಿದುಕೊಂಡದ್ದನ್ನು ಇಪ್ಪತ್ತೆರಡು ವರ್ಷದಲ್ಲಿ ಅವನು ಒಮ್ಮೆಯೂ ಕಂಡಿರಲಿಲ್ಲ. ಒರೆಸುವವಳು ಕೆಳಗೆ, ಶೆಡ್ಡಿನ ಬಾಗಿಲ ಮುಂದೆ, ಮುಖದ ಮೇಲೆ ಬಟ್ಟೆ ಹೊದೆಸಿಕೊಂಡು ಮಲಗಿದ್ದಳು.