ಪದ್ದಕ್ಕ ಕೂರುತ್ತಿದ್ದ ಸೀಟು

“ಎಲ್ಲ ತೊಳಿ ಮಾರಾಯ. ಹಿಂದಿನ ಸೀಟಿನ ಎಡಬದಿ ಒಂದ್ ಮುಟ್ಟುಕಾಗ.”

ಮುಟ್ಟಬೇಡ ಎಂದು ಮಂಜಯ್ಯನವರು ಹೇಳಿದ್ದು ಇದು ಮೂರನೆಯ ಸಲ. ಕೋಟದಲ್ಲಿ ಜಿನಸಿ ಅಂಗಡಿ ಇಟ್ಟುಕೊಂಡ, ಅರುವತ್ತರ ಹತ್ತಿರದ ಗಂಭೀರ ಮನುಷ್ಯ. ಕುಂದಾಪುರದ ಮನೆಯಿಂದ ಅಂಗಡಿಗೆ ಹನ್ನೊಂದು ವರ್ಷ ದಿನಾ ಓಡಿಸಿದ ಬಿಳಿ ಕಾರಿನ ಕೀಲಿಯನ್ನು ಕೊಡಲೋ ಬೇಡವೋ ಎಂದು ಬೆರಳಲ್ಲಿ ತಿರುಗಿಸುತ್ತ ನಿಂತಿದ್ದರು. ಎದುರಿಗಿದ್ದ ನಿತೇಶನಿಗೆ ನಗು ತಡೆಯಲಾಗಲಿಲ್ಲ. ಅವನು ಮುಂಬೈಯಲ್ಲಿ ಸೋದರಮಾವನ ಮನೆಯಲ್ಲಿ ಬೆಳೆದು, ಅಲ್ಲೇ ದೊಡ್ಡವರ ಕಾರು ತಿಕ್ಕಿ ಕೆಲಸ ಕಲಿತು, ಎಂಟು ತಿಂಗಳ ಹಿಂದೆ ಊರಿಗೆ ಬಂದು ಕೋಟೇಶ್ವರದ ಹೈವೇ ಬದಿಯಲ್ಲಿ ಕಾರನ್ನು ಒಳಹೊರಗೆ ತೊಳೆದು ಹೊಳಪು ಕೊಡುವ ‘ಡೀಟೇಲಿಂಗ್’ ಅಂಗಡಿ ತೆರೆದವನು. ತನ್ನ ಕೈಗೆ ಹೋಗದ ಕಲೆಯೇ ಈ ಜಿಲ್ಲೆಯಲ್ಲಿಲ್ಲ ಎಂಬ ಹಮ್ಮು ಧಾರಾಳವಾಗಿತ್ತು.

ಕಾರಿನ ಸ್ಥಿತಿ ಅಳುವಂತಿತ್ತು. ಉಪ್ಪುಗಾಳಿಗೆ ಬಾಗಿಲಿನ ಅಂಚೆಲ್ಲ ತುಕ್ಕು, ಹೆಡ್‌ಲೈಟಿಗೆ ಹಳದಿ ಪೊರೆ, ಕಾಲಡಿಯ ಮ್ಯಾಟಿನಲ್ಲಿ ಅಕ್ಕಿ, ಮೆಣಸು, ಮಣ್ಣು ಒಂದಾಗಿ ಕುಳಿತ ಪದರ. ಅದೆಲ್ಲ ನಿತೇಶನಿಗೆ ಹಬ್ಬವೇ. ಆದರೆ ಹಿಂದಿನ ಎಡಬಾಗಿಲು ತೆರೆದ ಕೂಡಲೇ ಅವನು ಎರಡು ಹೆಜ್ಜೆ ಹಿಂದೆ ಸರಿದ. ಹಳಸಿದ ಮೀನು, ಉಪ್ಪುನೀರು, ಎಲೆಯಡಿಕೆ, ಮುದಿ ಮೈಯ ಬೆವರು. ವಾಸನೆ ಹೊರಗೆ ಬರಲಿಲ್ಲ. ಸೀಟಿನ ಮೇಲೆ ಕೂತೇ ಇತ್ತು.

“ಯಾರದ್ದ್ ಇದ್?” ಎಂದ ನಿತೇಶ, ಮೂಗು ಮುಚ್ಚಿಕೊಂಡು.

“ಪದ್ದಕ್ಕನದ್ದ್,” ಎಂದರು ಮಂಜಯ್ಯ.

ಪದ್ದಕ್ಕ ಕೋಡಿ ಎಂಬ ಕಡಲೂರಿನ, ಮೀನು ಮಾರುವ ಹೆಂಗಸು. ಮಂಜಯ್ಯ ಚಿಕ್ಕವರಿದ್ದಾಗ ಸೊಂಟದ ಮೇಲೆ ಎತ್ತಿಕೊಂಡು ತಿರುಗಿದವಳು, ಅವರ ತಲೆ ನೆರೆತ ಮೇಲೂ ‘ಮಗಾ’ ಎಂದೇ ಕರೆಯುತ್ತಿದ್ದವಳು. ಮೀನಿನ ಬುಟ್ಟಿ ತೊಡೆಯ ಮೇಲಿಟ್ಟುಕೊಂಡು ದಿನಾ ಇದೇ ಸೀಟಿನಲ್ಲಿ ಕೋಟದ ಮಾರುಕಟ್ಟೆಗೆ ಹೋಗುತ್ತಿದ್ದಳು. ಮೂರು ವರ್ಷದ ಹಿಂದೆ ಒಂದು ಬೆಳಿಗ್ಗೆ, ತಮ್ಮ ಮಗಳು ದೀಕ್ಷಾಳನ್ನು ನೋಡಲು ಬರುವ ಗಂಡಿನ ಕಡೆಯವರನ್ನು ಮಂಜಯ್ಯ ಇದೇ ಕಾರಿನಲ್ಲಿ ಬ್ರಹ್ಮಾವರದಿಂದ ಕರೆತರಬೇಕಿತ್ತು. ಕಾರು ನಾರಿದರೆ ಮರ್ಯಾದೆ ಹೋಗುತ್ತದಲ್ಲ. ಜ್ವರದಲ್ಲಿ ನಡುಗುತ್ತಿದ್ದ ಪದ್ದಕ್ಕನನ್ನು ಅವರು ತೆಕ್ಕಟ್ಟೆಯಲ್ಲಿ, ದಾರಿ ಮಧ್ಯೆ, ಬುಟ್ಟಿಯ ಸಮೇತ ಇಳಿಸಿಬಿಟ್ಟರು.

“ಇಳೂಕ್ ಮುಂಚೆ ಸೆರಗಿನ ಚೂರ್ ಹರ್ದ್ ಸೀಟಿನಡಿ ಗಂಟ್ ಹಾಕ್ದ್‌ಳ್. ಅವ್ಳಪ್ಪ ಮಾಟ ಮಾಡುವವ. ಅವ್ಳಿಗೂ ಗೊತ್ತಿತ್ತ್ ಅಂಬ್ರ್,” ಮಂಜಯ್ಯನವರ ದನಿ ಇಳಿಯಿತು. “‘ನನ್ ವಾಸ್ನಿ ತೊಳ್ದವ ಅವ್ನ ಹೆತ್ತಬ್ಬಿಗೆ ಯಾರೂ ಅಲ್ದಂಗ್ ಆಯ್ಲಿ’ ಅಂದ್‌ಳ್. ಮಧ್ಯಾಹ್ನದೊಳ್ಗೆ ಬಸ್ ಸ್ಟ್ಯಾಂಡಂಗೇ ಜೀವ ಹೋಯ್ತ್.”

“ನೀವ್ ಒಂದ್ಸಲವೂ ತೊಳೀಲಿಲ್ಯಾ?”

“ಒದ್ದಿ ಬಟ್ಟಿಯಂಗೆ ಒಂದ್ ಸಲ ಒರ್ಸಿದೆ. ಮನಿಗೆ ಹೋರೆ ನಮ್ಮಬ್ಬಿ ಕಳ್ಳ ಬಂದ ಅಂದೇಳಿ ಬೊಬ್ಬಿ ಹೊಡ್ದ್‌ಳ್. ಸಂಜಿಗೆ ವಾಸ್ನಿ ಮತ್ತ್ ಬಂತ್. ಅಬ್ಬಿಗೆ ನನ್ನ ಗುರ್ತೂ ಬಂತ್. ಅಲ್ಲಿಂದ ಇತ್ಲಾಗೆ ಮುಟ್ಲಿಲ್ಲೆ.”

“ವಯಸ್ಸಾದವ್ರಿಗೆ ಮರವು ಇಪ್ದೇ ಮಾರಾಯ್ರೆ. ಮಾಟಕ್ಕೆಲ್ಲ ನನ್ನತ್ರ ಶಾಂಪೂ ಇತ್ತ್!”

ಮಂಜಯ್ಯ ನಗಲಿಲ್ಲ. ಸೋಮವಾರದಿಂದ ಮಗಳು ಬ್ರಹ್ಮಾವರದ ಕೆಲಸಕ್ಕೆ ಇದೇ ಕಾರಿನಲ್ಲಿ ಹೋಗಬೇಕಾಗಿತ್ತು, ಇಲ್ಲದಿದ್ದರೆ ಅವರು ಇಲ್ಲಿಗೆ ತರುತ್ತಲೇ ಇರಲಿಲ್ಲ. ಎಡಬದಿಯ ಸೀಟಿಗೆ ತಾವೇ ಪ್ಲಾಸ್ಟಿಕ್ ಹೊದಿಸಿ, ಸುತ್ತ ಟೇಪು ಹಚ್ಚಿ, ಒಂದು ಸಲ ಕೈಮುಗಿದು, ಕುಂದಾಪುರದ ಬಸ್ಸು ಹತ್ತಿದರು.

ಬೆಳಗ್ಗಿನಿಂದ ನಿತೇಶ ಮೈಮರೆತು ದುಡಿದ. ಕೆಲಸಗಾರ ಒಳ್ಳೆಯವನೇ, ಅದರಲ್ಲಿ ಎರಡು ಮಾತಿಲ್ಲ. ಚಕ್ರದ ಸಂದಿಯ ಕೆಸರನ್ನು ಹಲ್ಲುಜ್ಜುವ ಬ್ರಷ್ಷಿನಲ್ಲಿ ಕೆರೆದ. ಬಣ್ಣಕ್ಕೆ ಹತ್ತಿದ ತುಕ್ಕಿನ ಚುಕ್ಕೆಗಳನ್ನು ಒಂದೊಂದಾಗಿ ಎಬ್ಬಿಸಿದ. ಏಸಿಯ ಕಿಂಡಿಗಳಿಗೆ ಕಡ್ಡಿ ಹಾಕಿ ಹನ್ನೊಂದು ವರ್ಷದ ಧೂಳು ತೆಗೆದ. ಮಧ್ಯಾಹ್ನದ ಹೊತ್ತಿಗೆ ಶಟರ್ ಎಳೆದುಕೊಂಡ. ಪಾಲಿಶಿನ ಗೀರು ಕಣ್ಣಿಗೆ ಬೀಳಬೇಕಾದರೆ ಕತ್ತಲು ಬೇಕು, ಕೈಯಲ್ಲೊಂದು ಪ್ರಖರ ಲೈಟು ಬೇಕು, ಈ ಕೆಲಸದ ಪದ್ಧತಿಯೇ ಹಾಗೆ. ಹೊರಗೆ ಮೇ ತಿಂಗಳ ಬಿಸಿಲು ಡಾಂಬರನ್ನು ಕರಗಿಸುತ್ತಿತ್ತು. ಒಳಗೆ ಗವ್ವೆನ್ನುವ ಕಪ್ಪು, ಫ್ಯಾನಿನ ಕಿರುಗುಟ್ಟುವಿಕೆ, ಮತ್ತು ಪ್ಲಾಸ್ಟಿಕ್ಕಿನ ಕೆಳಗಿಂದಲೂ ಸೋಸಿ ಬರುತ್ತಿದ್ದ ಆ ವಾಸನೆ.

ಫೋನು ಬಂತು. ಅವನ ತಾಯಿ, ಬಾಗಿ ಎಂಬವಳು.

“ಉಂಬುಕೆ ಬತ್ಯಾ ಮಗಾ? ಬಂಗ್ಡಿ ಪುಳಿಮುಂಚಿ ಸಾರ್ ಮಾಡಿದ್ದೆ.”

“ಕೆಲ್ಸ ಇತ್ತ್. ಸಂಜಿಗೆ ಬತ್ತೆ,” ಎಂದು ಇಟ್ಟುಬಿಟ್ಟ.

ಮುಂಚೆಯಾದರೆ ಬಾಗಿಯೇ ಬುತ್ತಿ ತರುತ್ತಿದ್ದಳು. ಬೀಜಾಡಿಯಲ್ಲಿ ಮನೆಮನೆಗೆ ಮೀನು ಮಾರಿ, ಆ ದುಡಿಮೆಯಲ್ಲೇ ಮುಂಬೈಯಲ್ಲಿದ್ದ ಮಗನನ್ನು ಓದಿಸಿದವಳು. ಹೋದ ತಿಂಗಳು ಉಡುಪಿಯ ಗಿರಾಕಿಯೊಬ್ಬ ಮೂಗು ಹಿಂಡಿ, “ಯಾರ್ರೀ ಆ ಹೆಂಗಸು?” ಎಂದು ಕೇಳಿದಾಗ ನಿತೇಶ, “ಯಾರೋ ಮೀನಿನವಳು, ನಂಗೊತ್ತಿಲ್ಲ,” ಎಂದಿದ್ದ. ಬಾಗಿ ಮೂರು ಮಾರು ದೂರದಲ್ಲಿ ನಿಂತಿದ್ದಳು. ಬುತ್ತಿಯನ್ನು ಮೆಟ್ಟಿಲ ಮೇಲಿಟ್ಟು ಹೋದಳು. ಮತ್ತೆ ಅಂಗಡಿಯ ಕಡೆ ಸುಳಿಯಲಿಲ್ಲ. ಅವಳಿಗೆ ಕೇಳಿಸಿರಲಿಕ್ಕಿಲ್ಲ ಎಂದುಕೊಳ್ಳುವುದು ನಿತೇಶನಿಗೆ ಅನುಕೂಲವಾಗಿತ್ತು. ಒಂದು ತಿಂಗಳಿನಿಂದ ಅವಳು ಬಡಿಸಿದ್ದನ್ನು ತಿನ್ನುತ್ತಿದ್ದ. ತಪ್ಪಾಯಿತು ಎನ್ನುವ ಮಾತು ದಿನಾ ಗಂಟಲಿನವರೆಗೆ ಬರುತ್ತಿತ್ತು, ದಿನಾ ಅನ್ನದ ಜೊತೆ ಒಳಗೆ ಹೋಗುತ್ತಿತ್ತು.

ಈ ಕೆಲಸದವರಿಗೆ ಒಂದು ಚಟವುಂಟು. ಕೊಳೆ ಸೀಟಿನ ಸರಿ ಅರ್ಧವನ್ನು ಮಾತ್ರ ತೊಳೆದು, ನಡುವಿನ ಗೆರೆಯನ್ನು ಫೋನಿನಲ್ಲಿ ತೆಗೆದು ಲೋಕಕ್ಕೆಲ್ಲ ತೋರಿಸುವುದು. ಪ್ಲಾಸ್ಟಿಕ್ಕಿನ ಕೆಳಗಿದ್ದಷ್ಟು ಕೊಳೆ ಇಡೀ ಕಾರಿನಲ್ಲಿ ಬೇರೆಲ್ಲೂ ಇರಲಿಲ್ಲ. ಅರ್ಧ ತಾನೇ, ಮುದುಕರಿಗೆ ಆಮೇಲೆ ಏನಾದರೂ ಹೇಳಿದರಾಯಿತು. ನಿತೇಶ ಟೇಪು ಕಿತ್ತ.

ಶಾಂಪೂ ಸುರಿದ. ಬ್ರಷ್ ಉಜ್ಜಿದ. ಬೂದು ನೊರೆಯಲ್ಲಿ ಮೀನಿನ ಹುರುಪೆ ಎದ್ದು ಬಂತು. ಒಂದು, ಎರಡು, ಆಮೇಲೆ ಮುಷ್ಟಿ ತುಂಬ. ಮೂರು ವರ್ಷದ ಹಿಂದಿನವು ಒಣಗಿ ಪುಡಿಯಾಗಬೇಕಿತ್ತು. ಇವು ಹಸಿಯಾಗಿದ್ದವು. ನೀರು ಹೀರುವ ಯಂತ್ರದ ಡಬ್ಬಿಯಲ್ಲಿ ಕೆಂಪುಗಪ್ಪು ನೀರು ತುಂಬಿತು. ಸೀಟಿನ ಬಲ ಅರ್ಧ ಹೊಸದಾಗಿ ಮಿನುಗಿತು, ಎಡ ಅರ್ಧ ಹಾಗೇ ಉಳಿಯಿತು. ನಡುವೆ ನೂಲು ಹಿಡಿದಂಥ ಗೆರೆ.

ವಿಡಿಯೋ ತೆಗೆಯುವಾಗಲೇ ಫೋನು ಮತ್ತೆ ಬಡಿದುಕೊಂಡಿತು.

“ಹಲೋ, ಯಾರ್ ಮಾತಾಡುದ್?” ಎಂದಳು ಬಾಗಿ.

“ನೀನೇ ಮಾಡಿದ್ದಲ್ದಾ ಅಬ್ಬಿ ಫೋನ್!”

“ಹೌದಾ... ನಿತೇಶ ಅಲ್ದಾ? ಎಂತದೋ ಮಾರಾಯ, ನಿನ್ನ ಮುಖ ನೆನ್ಪ್ ಮಾಡ್ರೆ ಬತ್ತಿಲ್ಲೆ. ತಲಿಯೆಲ್ಲ ಮಂಕ್ ಮಂಕ್.”

ಒಪ್ಪಿಕೊಳ್ಳೋಣ, ಆ ಗಳಿಗೆಯಲ್ಲಿ ನಿತೇಶನಿಗೆ ಗೊತ್ತಾಗಿತ್ತು. ಪೂರ್ತಿ ಅಲ್ಲದಿದ್ದರೂ ಕೈ ನಿಲ್ಲಿಸಲು ಬೇಕಾದಷ್ಟು ಗೊತ್ತಾಗಿತ್ತು. ಆದರೆ ಅರ್ಧ ತೊಳೆದ ಸೀಟನ್ನು ಗಿರಾಕಿಗೆ ಕೊಡುವುದುಂಟೇ? ಬಿಸಿಲಿನ ತಾಪಕ್ಕೆ ಹಾಗಾಗಿರಬೇಕು, ಮಲಗಿ ಎದ್ದರೆ ಸರಿಹೋಗುತ್ತಾಳೆ. ಅವನು ತನಗೆ ತಾನೇ ಹೇಳಿಕೊಂಡ. “ಮಲ್ಕೋ ಅಬ್ಬಿ,” ಎಂದು ಅವಳಿಗೂ ಹೇಳಿದ. ಬ್ರಷ್ ಕೈಗೆತ್ತಿಕೊಂಡ.

ಫ್ಯಾನು ನಿಂತಿತು. ಕರೆಂಟು ಹೋಗಿತ್ತು. ಪಕ್ಕದಲ್ಲಿಟ್ಟ ಬ್ಯಾಟರಿ ಲೈಟು ಮಾತ್ರ ಉರಿಯುತ್ತಿತ್ತು.

ಆ ಬೆಳಕಿನಲ್ಲಿ ಅವನು ಕಂಡ. ತೊಳೆಯದ ಅರ್ಧ ಸೀಟು ಮೆಲ್ಲಗೆ ತಗ್ಗಿತು. ಯಾರೋ ಭಾರ ಊರಿ ಕೂತಷ್ಟು ತಗ್ಗಿತು. ಸ್ಪ್ರಿಂಗು ಕಿರ್ ಎಂದಿತು. ವಾಸನೆ ಬಿಸಿಯಾಗಿ ಮುಖಕ್ಕೆ ತಾಗಿತು. ಜ್ವರದ ಮೈಯ ಬಿಸಿ.

“ಮಗಾ...”

ಕಿವಿಯ ಹತ್ತಿರ. ಎಲೆಯಡಿಕೆಯ ಉಸಿರು. ಬೈಗುಳದ ದನಿಯಲ್ಲ ಅದು. ಬೇಡುವ ದನಿ. ಇಳಿಸಬೇಡ ಎನ್ನುವ ದನಿ.

ನಿತೇಶ ಓಡಬೇಕಿತ್ತು. ಓಡಲಿಲ್ಲ. ಹೆದರಿದವನಿಗೆ ಬರುವ ಸಿಟ್ಟು ಅವನಿಗೆ ಬಂತು. “ಇಳೀ! ಇಳೀ ಇಲ್ಲಿಂದ!” ಎಂದು ಕಿರುಚಿದ. ಉಜ್ಜಿದ. ಎರಡೂ ಕೈಯಲ್ಲಿ ಉಜ್ಜಿದ. ನೊರೆ ಕಣ್ಣಿಗೆ ಹಾರಿತು. ಹುರುಪೆ ಉಗುರಿನ ಸಂದಿಗೆ ಚುಚ್ಚಿತು. ಸೀಟಿನಡಿಗೆ ಕೈ ಹಾಕಿದ. ಗಂಟು ಸಿಕ್ಕಿತು. ಒದ್ದೆ ಬಟ್ಟೆ, ಬಿಗಿದ ಕೂದಲು. ಬೆರಳ ಕೆಳಗೆ ಅದು ಮಿಡಿಯುತ್ತಿತ್ತು. ಬ್ಲೇಡು ಎಳೆದ. ಒಂದು ಸಲ. ಎರಡು ಸಲ. ಕಡಿಯಿತು.

ವಾಸನೆ ನಿಂತಿತು.

ಮೀನಿನ ವಾಸನೆ ಹೋಯಿತು. ಶಾಂಪೂವಿನ ವಾಸನೆಯೂ ಇಲ್ಲ. ರಬ್ಬರಿನದಿಲ್ಲ. ಅವನ ಬೆವರಿನದಿಲ್ಲ. ಮೂಗಿಗೆ ಲೋಕವೇ ಇರಲಿಲ್ಲ. ಸೀಟು ಖಾಲಿಯಾಗಿ, ಉಬ್ಬಿ, ಅಚ್ಚುಕಟ್ಟಾಗಿ ಕೂತಿತ್ತು. ಇಷ್ಟು ಚೊಕ್ಕ ಕೆಲಸವನ್ನು ಅವನು ಜೀವಮಾನದಲ್ಲಿ ಮಾಡಿರಲಿಲ್ಲ.

ಮನೆಗೆ ಫೋನು ಹಚ್ಚಿದ. “ಅಬ್ಬೀ?”

“ರಾಂಗ್ ನಂಬರ್,” ಎಂದಳು ಬಾಗಿ. ಇಟ್ಟಳು.

ಮತ್ತೆ ಹಚ್ಚಿದ. ಮತ್ತೆ ಇಟ್ಟಳು. ಆಮೇಲೆ ಎತ್ತಲೇ ಇಲ್ಲ.

ವಾಸನೆ ಬಂದರೆ ಗುರುತು ಬರುತ್ತದೆ. ಮಂಜಯ್ಯ ಹಾಗೇ ಹೇಳಿದ್ದರಲ್ಲ! ಡಬ್ಬಿಯ ನೀರನ್ನು ಸೀಟಿಗೆ ಸುರಿದ. ಅದು ಬಾವಿಯ ನೀರಿನಷ್ಟು ತಿಳಿಯಾಗಿತ್ತು. ಹುರುಪೆಗಾಗಿ ನೆಲವೆಲ್ಲ ತಡಕಿದ. ಒಂದೂ ಇರಲಿಲ್ಲ. ಕಡಿದ ಗಂಟನ್ನು ಹುಡುಕಿದ. ಬೆರಳಿಗೆ ಸಿಕ್ಕಿದ್ದು ಬೂದಿ. ಹಿಂದಿನ ಚರಂಡಿಗೆ ಓಡಿದ, ಮೊಣಕಾಲೂರಿದ, ಬೊಗಸೆಯಲ್ಲಿ ಕೆಸರು ತಂದ, ಸೀಟಿಗೆ ಮೆತ್ತಿದ, ಮುಖ ಒತ್ತಿ ಮೂಸಿದ. ಏನೂ ಇಲ್ಲ. ಏನೂ ಇಲ್ಲ.

ಮಂಜಯ್ಯನವರಿಗೆ ಫೋನು ಮಾಡಿ ಅತ್ತ.

“ಹೇಳಿದ್ದೆ ಅಲ್ದಾ ನಾನ್? ಮೂರ್ ಸಲ ಹೇಳಿದ್ದೆ ಅಲ್ದಾ?” ಎಂದರು ಅವರು. ಆಮೇಲೆ ಮೆಲ್ಲಗೆ ಕೇಳಿದರು, “ಕಾರ್ ಈಗ ಎಂತದೂ ನಾರ್ತಿಲ್ಲೆ ಅಲ್ದಾ?”

ಆ ದನಿಯಲ್ಲಿ ಮರುಕವಿತ್ತು. ಮರುಕಕ್ಕಿಂತ ಹೆಚ್ಚು ನೆಮ್ಮದಿಯಿತ್ತು. ನಿತೇಶ ಅವರನ್ನು ಶಪಿಸಲು ಬಾಯಿ ತೆರೆದ, ಆದರೆ ಯಾವ ಬಾಯಲ್ಲಿ ಶಪಿಸುವುದು?

ಬೀಜಾಡಿಯ ಮನೆಗೆ ಅವನು ತಲುಪಿದಾಗ ಇನ್ನೂ ಬೆಳಕಿತ್ತು. ಕಾಲು ಹೂತುಹೋಗುವ ಹೊಯ್ಗೆಯ ದಾರಿಯ ಕೊನೆಗೆ, ಮನೆಯ ಮೆಟ್ಟಿಲ ಮೇಲೆ ಬಾಗಿ ಕೂತಿದ್ದಳು. ಪಕ್ಕದಲ್ಲಿ ಮುಚ್ಚಿಟ್ಟ ಪಾತ್ರೆ. ಕೆಸರು ಮೆತ್ತಿದ ಬಟ್ಟೆಯಲ್ಲಿ ಎದುರು ಬಂದು ನಿಂತವನನ್ನು ಕಂಡು ಅವಳು ಸೆರಗು ಸರಿಮಾಡಿಕೊಂಡು ಎದ್ದಳು, ಹೊರಗಿನವರು ಬಂದಾಗ ಏಳುವ ಹಾಗೆ.

“ಮೀನ್ ಬೇಕಿತ್ತಾ ಮಾರಾಯ್ರೆ? ಖಾಲಿ ಆಯ್ತ್. ಇದ್ ಸಾರ್ ನನ್ ಮಗನಿಗ್ ಇಟ್ಟದ್.”

“ಅಬ್ಬೀ, ನಾನೇ.”

ಬಾಗಿ ಅವನ ಮುಖವನ್ನು ನೋಡಿದಳು. ಕಣ್ಣು, ಮೂಗು, ಹಣೆಯ ಗಾಯದ ಗುರುತು, ಎಲ್ಲವನ್ನೂ ನೋಡಿದಳು. ಅವಳ ಕಣ್ಣಲ್ಲಿ ಮಂಕು ಇರಲಿಲ್ಲ. ಸ್ಪಷ್ಟವಾಗಿ, ದಯೆಯಿಂದ, ಗುರುತಿಲ್ಲದೆ ನೋಡಿದಳು.

ನಿತೇಶ ಹೊಯ್ಗೆಯ ಮೇಲೆ ಕುಸಿದ. ಅವಳ ಕಾಲು ಹಿಡಿದುಕೊಂಡ. ಒಂದು ತಿಂಗಳಿನಿಂದ ಗಂಟಲಲ್ಲಿದ್ದದ್ದು ಈಗ ಒಮ್ಮೆಗೇ ಹೊರಗೆ ಬಂತು. “ತಪ್ಪಾಯ್ತ್ ಅಬ್ಬಿ! ಅಂದ್ ಅಂಗ್ಡಿಯಂಗೆ ನಿನ್ನ ಗೊತ್ತೇ ಇಲ್ಲ ಅಂದೆ. ತಪ್ಪಾಯ್ತ್. ಒಂದ್ ಸಲ ಮಾಫ್ ಮಾಡ್!”

ಬಾಗಿ ಗಾಬರಿಯಿಂದ ಕಾಲು ಬಿಡಿಸಿಕೊಂಡಳು. ಅಳುವ ಅಪರಿಚಿತನನ್ನು ಕಂಡು ಅವಳ ಕಣ್ಣಲ್ಲೂ ನೀರು ಬಂತು.

“ನೀವ್ ಎಂತಕ್ ಅಳ್ತ್ರಿ? ನೀವ್ ನಂಗ್ ಎಂತದೂ ಮಾಡ್ಲಿಲ್ಲೆ. ಹಂಗೆ ಅಂದದ್ದ್ ನನ್ ಮಗ,” ಎಂದಳು. “ಅವ್ನ ಮೇಲೆ ನಂಗ್ ಸಿಟ್ಟಿಲ್ಲೆ. ಅವ ಬಂದ್ ಒಂದ್ ಮಾತ್ ಹೇಳ್ರೆ ಸಾಕ್.”

ಬಗ್ಗಿ, ಅವನ ತಲೆಯ ಮೇಲಿಂದ ಹೊಯ್ಗೆಯ ದಾರಿಯತ್ತ ಕತ್ತು ಉದ್ದ ಮಾಡಿದಳು.

“ಚೂರ್ ಬದಿಗೆ ಸರೀನಿ ಮಾರಾಯ್ರೆ. ಅವ ಬಪ್ಪು ದಾರಿ ಕಾಂತಿಲ್ಲೆ.”