ಕಪ್ಪೆಯ ಐದನೇ ಕಾಲು

“ನಾನು ಮುಟ್ಟೇ ಇಲ್ಲ ರೀ! ಇದೇ ಗೀಚ್ಕೊಂಡಿದೆ!”

ಕೌಂಟರಿನ ಮೇಲೆ ಟ್ಯಾಬ್ ಇಟ್ಟು ಕೂಗಾಡಿದವನನ್ನು ಅವಳು ತಲೆಯೆತ್ತಿ ನೋಡಿದಳು. ಕೆದರಿದ ಕೂದಲು, ತಪ್ಪು ಕಾಜಕ್ಕೆ ಹಾಕಿದ ಗುಂಡಿ... ಶಾಲೆಯ ಪುಸ್ತಕಗಳಿಗೆ ಚಿತ್ರ ಬರೆಯುತ್ತಾನಂತೆ. ಸ್ಕ್ರೀನಿನ ಮೇಲೊಂದು ಮುದ್ದಾದ ಕಪ್ಪೆ. ಅದರ ಹೊಟ್ಟೆಯಿಂದ ಹೊರಟಿತ್ತು ಐದನೇ ಕಾಲು!

“ಬೆಳೆಯೋ ವಯಸ್ಸು, ಬಿಡಿ,” ಎಂದಳು.

“ನಿಮಗೆ ತಮಾಷೆ! ಸಂಪಾದಕರು ನನ್ನ ಚರ್ಮ ಸುಲೀತಾರೆ!”

ಅವಳು ನಗು ನುಂಗಿಕೊಂಡಳು. ಅದು ಅವಳ ಚಿಕ್ಕಪ್ಪನ ರಿಪೇರಿ ಅಂಗಡಿ. ಹೆಣ್ಣುಮಕ್ಕಳು ಒಳಗೆ ಕೂತು ಬಿಲ್ ಬರೆದರೆ ಸಾಕು ಎನ್ನುತ್ತಿದ್ದ ಅವರ ಕಣ್ಣೆದುರಿಗೇ ಸತ್ತ ಫೋನೊಂದನ್ನು ಬದುಕಿಸಿ, ಜಗಳವಾಡಿ ಗಿಟ್ಟಿಸಿಕೊಂಡ ಕುರ್ಚಿ ಅವಳದು.

ಸ್ಕ್ರೀನ್ ಒರೆಸಿದಳು. ಸ್ಕ್ರೀನ್ ಗಾರ್ಡ್ ಕಿತ್ತಳು. ಆಫ್ ಮಾಡಿ ಆನ್ ಮಾಡಿದಳು. ಅಂಗಡಿಯ ಚಾರ್ಜರಿಗೆ ಸಿಕ್ಕಿಸಿ ಮೂಲೆ ಮೂಲೆಗೂ ಬೆರಳಾಡಿಸಿದಳು. ಎಲ್ಲವೂ ತೆಪ್ಪಗಿತ್ತು.

“ಸರಿಯಾಗಿದೆ. ತಗೊಂಡು ಹೋಗಿ.”

ಮರುದಿನ ಮತ್ತೆ ಬಂದ. ಈ ಸಲ ಕಪ್ಪೆಗೆ ಮೀಸೆ! ಇನ್ನೊಮ್ಮೆ ಬಾಲ! ಅಂಗಡಿಯೊಳಗೆ ಮಾತ್ರ ಆ ಟ್ಯಾಬಿನಷ್ಟು ಸಾಧು ಪ್ರಾಣಿ ಬೇರೆ ಇರಲಿಲ್ಲ. ಪರೀಕ್ಷೆಯ ಜೊತೆಗೆ ಮಾತೂ ಬೆಳೆಯಿತು. ಅವನಿಗೆ ‘ಕಪ್ಪೆರಾಯ’ ಎಂದು ಹೆಸರಿಟ್ಟಳು. ಅವನು ಬಾರದ ದಿನ ಕಣ್ಣು ಪದೇ ಪದೇ ಬಾಗಿಲಿಗೆ ಹೋಗುತ್ತಿತ್ತು.

‘ಥೂ, ಕೆಲಸ ನೋಡು!’ ಎಂದು ತನ್ನನ್ನೇ ಗದರಿಕೊಂಡಳು.

ಚಿಕ್ಕಪ್ಪನೇನು ಕಣ್ಣು ಮುಚ್ಚಿ ಕೂತಿರಲಿಲ್ಲ.

“ಟ್ಯಾಬ್ ಚೆನ್ನಾಗಿದೆ, ರೋಗ ಇರೋದು ಅವನಿಗೆ. ಇನ್ನೊಂದ್ಸಲ ಸುಮ್ಸುಮ್ನೆ ಬಂದ್ರೆ ನೀನು ಕೌಂಟರ್ ಬಿಟ್ಟು ಒಳಗೆ ಕೂರ್ತೀಯ. ಜನ ಆಡ್ಕೊಳ್ತಿದ್ದಾರೆ.”

ಅವಳ ಮೈಯೆಲ್ಲ ಉರಿದುಹೋಯಿತು. ಚಿಕ್ಕಪ್ಪನ ಮೇಲೆ ತೀರಿಸಿಕೊಳ್ಳಬೇಕಾದ ಸಿಟ್ಟೆಲ್ಲ, ಸಂಜೆ ನಗುನಗುತ್ತಾ ಬಂದು ನಿಂತವನ ತಲೆಯ ಮೇಲೆ ಬಿತ್ತು.

“ಸಾಕು ನಿಮ್ಮ ನಾಟಕ! ನೀವೇ ಗೀಚ್ಕೊಂಡು ಬರ್ತೀರ. ನನ್ನ ನೋಡೋಕೆ ಬೇರೆ ನೆಪ ಸಿಗ್ಲಿಲ್ವಾ? ನಿಮ್ಮಿಂದ ನನ್ನ ಕೆಲಸಕ್ಕೇ ಕುತ್ತು!”

ಅಂಗಡಿಯ ತುಂಬ ಗಿರಾಕಿಗಳು. ಅವನ ಮುಖ ಕಪ್ಪಿಟ್ಟಿತು.

“ನಾನು ಸುಳ್ಳು ಹೇಳೋನಲ್ಲ ರೀ. ನಂಬಿಕೆ ಇಲ್ದಿದ್ರೆ ಮನೆಗೆ ಬಂದು ನೋಡಿ. ನಮ್ಮಮ್ಮನ್ನೇ ಕೇಳಿ.”

ಹೋದವನು ಮತ್ತೆ ಬರಲಿಲ್ಲ. ‘ಪೀಡೆ ತೊಲಗಿತು’ ಎಂದುಕೊಂಡಳು. ಮನಸ್ಸು ಒಪ್ಪಬೇಕಲ್ಲ? ನಿಜಕ್ಕೂ ಕೆಟ್ಟಿದ್ದರೆ...?

ಭಾನುವಾರ ಬೆಳಿಗ್ಗೆ, ಅಂಗಡಿಯ ಬಿಲ್ಲಿನಲ್ಲಿದ್ದ ವಿಳಾಸ ಹಿಡಿದು ಹೋಗಿ ಅವನ ಮನೆಯ ಬಾಗಿಲು ತಟ್ಟಿದಳು.

“ಓ, ಬೈಯೋ ಹುಡುಗಿ ನೀನೇನಾ? ಬಾಮ್ಮ ಒಳಗೆ,” ಎಂದರು ಅವನ ತಾಯಿ.

ಅವನು ಮುನಿಸಿನಲ್ಲೇ ಎದ್ದು ಬಂದ. ಮೇಜಿನ ಕಡೆ ಕೈ ತೋರಿಸಿದ. ಟ್ಯಾಬ್ ಚಾರ್ಜಿನಲ್ಲಿತ್ತು. ಯಾರೂ ಮುಟ್ಟದಿದ್ದರೂ ಕಪ್ಪೆಯ ಕಣ್ಣಿಂದ ಅಂಚಿನವರೆಗೆ ಗೆರೆಯೊಂದು ಸರ್ರನೆ ಓಡಿತು!

ಅವಳು ಚಾರ್ಜರ್ ಕಿತ್ತಳು. ಗೆರೆ ನಿಂತಿತು. ಸಿಕ್ಕಿಸಿದಳು. ಮತ್ತೆ ಶುರು!

“ಅಯ್ಯೋ... ಈ ಚಾರ್ಜರ್ ಯಾಕ್ರೀ ಒಂದ್ಸಲಾನೂ ತರ್ಲಿಲ್ಲ?”

“ನಿಮ್ಮ ಬಾಗಿಲಲ್ಲೇ ಬರೆದಿದೆಯಲ್ಲ? ‘ಚಾರ್ಜರ್ ತರಬೇಡಿ, ಕಳೆದರೆ ನಾವು ಹೊಣೆಯಲ್ಲ’ ಅಂತ!”

ಚಿಕ್ಕಪ್ಪ ಬರೆಸಿದ ಬೋರ್ಡು! ಅಂಗಡಿಯ ಒಳ್ಳೆಯ ಚಾರ್ಜರಿಗೆ ಹಾಕಿಯೇ ಪರೀಕ್ಷಿಸುತ್ತಿದ್ದರೆ, ಮನೆಯಲ್ಲಿ ಕೂತು ಏರುಪೇರಾಗಿ ಕರೆಂಟ್ ಬಿಡುವ ಕಳಪೆ ಚಾರ್ಜರಿನ ಕಿತಾಪತಿ ಯಾವ ಜನ್ಮಕ್ಕೆ ಸಿಕ್ಕೀತು?

“ತಪ್ಪಾಯ್ತು,” ಎಂದಳು. ಆಮೇಲೆ ತಡೆಯಲಾರದೆ, “ಹಾಗಾದ್ರೆ... ನೀವು ನನ್ನ ನೋಡೋಕೆ ಬರ್ತಿರ್ಲಿಲ್ವಾ?”

ಅವನು ಮುಖ ತಿರುಗಿಸಿದ. “ಕಪ್ಪೆಗೋಸ್ಕರ ಬರ್ತಿದ್ದೆ.”

ಇದನ್ನು ಕೇಳಿ ಅವಳಿಗೆ ನಿರಾಳವಾಗಬೇಕಿತ್ತು. ಕಣ್ಣಲ್ಲಿ ನೀರೇಕೆ ಬಂತು? ‘ನೆಪ ಹುಡುಕ್ತಿದ್ದವಳು ನಾನೇನಾ...?’ ಹೌದು, ಅವಳೇ! ಅವನು ಬೇಕಾಗಿತ್ತು ಅವಳಿಗೆ. ಕೌಂಟರಿನಷ್ಟೇ ಬೇಕಾಗಿತ್ತು.

“ನಾಳೆ ಇದೇ ಚಾರ್ಜರ್ ತಗೊಂಡು ಅಂಗಡಿಗೆ ಬನ್ನಿ. ಎಲ್ಲರ ಮುಂದೆ ಬೈದವಳು ನಾನು, ಎಲ್ಲರ ಮುಂದೇನೇ ಸರಿಮಾಡ್ತೀನಿ.”

ಮರುದಿನ ಗಿರಾಕಿಗಳ ನಡುವೆ ಅವಳು ಆ ಚಾರ್ಜರ್ ಸಿಕ್ಕಿಸಿದಳು. ಸ್ಕ್ರೀನ್ ಹುಚ್ಚೆದ್ದು ಕುಣಿಯಿತು.

“ಇವರು ಸುಳ್ಳು ಹೇಳಿರ್ಲಿಲ್ಲ. ತಪ್ಪು ನನ್ನದು,” ಎಂದಳು ಗಟ್ಟಿಯಾಗಿ.

ಚಿಕ್ಕಪ್ಪ ಗಂಟಲು ಸರಿಮಾಡಿಕೊಂಡರು. “ಆಯ್ತಲ್ಲ, ರೋಗ ಸಿಕ್ತು. ಹೊಸ ಚಾರ್ಜರ್ ಕೊಡು. ಇನ್ನು ಇವರು ಬರೋ ಅಗತ್ಯ ಇಲ್ಲ.”

“ಇದೆ ಚಿಕ್ಕಪ್ಪ.”

“ಏನಂದೆ?”

“ಇವರು ಬರ್ತಾರೆ. ಟ್ಯಾಬ್ ಇಲ್ದೇನೇ ಬರ್ತಾರೆ, ನನ್ನ ನೋಡೋಕೆ. ನಾನು ಈ ಕೌಂಟರಲ್ಲೇ ಕೂತಿರ್ತೀನಿ. ಕೆಲಸಾನೂ ನನ್ನದು, ಮನಸ್ಸೂ ನನ್ನದು. ಎರಡರಲ್ಲಿ ಒಂದು ಬಿಡು ಅಂದ್ರೆ ಬಿಡಲ್ಲ! ಆಡ್ಕೊಳ್ಳೋರು ಆಡ್ಕೊಳ್ಲಿ.”

ಚಿಕ್ಕಪ್ಪ ಬಾಯಿ ತೆರೆದರು. ಸಾಲಿನಲ್ಲಿದ್ದ ಅಜ್ಜಿಯೊಬ್ಬರು ಕಿಸಕ್ಕನೆ ನಕ್ಕರು. ಚಿಕ್ಕಪ್ಪ ಬಾಯಿ ಮುಚ್ಚಿದರು.

ಅವನು ಕೌಂಟರಿನತ್ತ ಬಾಗಿದ. “ನಾನು ಬರ್ತೀನಿ ಅಂತ ನನ್ನನ್ನೇ ಕೇಳ್ದೆ ಹೇಳ್ಬಿಟ್ರಲ್ಲ?”

“ಬರಲ್ವಾ?” ಅವಳು ಚಾರ್ಜರಿನ ವೈರನ್ನು ಬೆರಳಿಗೆ ಸುತ್ತಿಕೊಂಡಳು.

“ಅವತ್ತು ನೀವು ಬೈದಾಗ ತುಂಬಾ ನೋವಾಯ್ತು. ನೀವು ಹೇಳಿದ್ದು ಪೂರ್ತಿ ಸುಳ್ಳಾಗಿದ್ರೆ ಅಷ್ಟು ನೋಯ್ತಿರ್ಲಿಲ್ಲ... ಅರ್ಧ ನಿಜ ಆಗಿತ್ತು.”

“ಆ ಅರ್ಧ ಬಾಯಿಬಿಟ್ಟು ಹೇಳಿ.”

“ಇಲ್ಲಿ? ಇಷ್ಟು ಜನರ ಮುಂದೆ?”

“ನಾನು ಹೇಳ್ಲಿಲ್ವಾ?”

ಅವನು ಗಿರಾಕಿಗಳನ್ನು ನೋಡಿದ, ಚಿಕ್ಕಪ್ಪನನ್ನು ನೋಡಿದ, ಉಸಿರೆಳೆದುಕೊಂಡ.

“ನಿಮ್ಮನ್ನ ಪ್ರೀತಿಸ್ತೀನಿ ರೀ!”

ಅವಳ ಮುಖ ಕೆಂಪಾಯಿತು. ಆದರೂ ಕತ್ತೆತ್ತಿ, ಪಕ್ಕದ ಸ್ಟೂಲನ್ನು ಅವನತ್ತ ತಳ್ಳಿದಳು.

“ಕೂತ್ಕೊಳ್ಳಿ. ಅಜ್ಜಿ ಫೋನ್ ರಿಪೇರಿ ಮುಗಿಸಿ ಬರ್ತೀನಿ.”