ಹೊಗೆ ಇಳಿಸಿದ ಕಾರ್ಖಾನೆ

ಹೊಗೆ ಸಾಹೇಬರು ಚಿಮಣಿಯ ಬುಡದಲ್ಲಿ ಬಿದ್ದಿದ್ದರು. ತಲೆ ಒಡೆದಿತ್ತು. ಉಸಿರು ಇನ್ನೂ ಆಡುತ್ತಿತ್ತು.

ಕಾರ್ಖಾನೆಗಳ ಹೊಗೆ ಅಳೆಯುವ ಅಧಿಕಾರಿ ಅವರು. ಬಟ್ಟೆಗೆ ಬಣ್ಣ ಹಾಕುವ ಈ ಕಾರ್ಖಾನೆಗೆ ಅಂದು ಪ್ರಮಾಣಪತ್ರ ಕೊಡುವುದಿತ್ತು. ಉತ್ಪಾದನೆ ಒಂದೂವರೆ ಪಟ್ಟು ಏರಿತ್ತು. ಉರಿಸುವ ಅನಿಲ ಮಾತ್ರ ಅರ್ಧಕ್ಕಿಳಿದಿತ್ತು, ಹೊಗೆಯೂ ಅಷ್ಟೇ. ಬೇರೆ ಕಾರ್ಖಾನೆಯವರು ಮೂಗಿನ ಮೇಲೆ ಬೆರಳಿಟ್ಟುಕೊಂಡಿದ್ದರು.

"ಅಳತೆಗೆ ಅಂತ ಚಿಮಣಿ ಏಣಿ ಹತ್ತಿರಬೇಕು," ಎಂದ ಮ್ಯಾನೇಜರ್. "ಅವರ ಹಿಂದೇನೇ ಯಾರಾದ್ರೂ ಹತ್ತಿ ತಳ್ಳಿದ್ರೋ ಏನೋ. ನಿನ್ನೆ ಹಬೆಯಣ್ಣ ಇವರ ಮೇಲೆ ಹಾರಾಡಿದ್ದ. ನಾನು ಹೇಳಬಾರದು. ನೀವು ಕೇಳಿದ್ರಿ ಅಂತ ಹೇಳ್ದೆ."

ಪೊಲೀಸ್ ಇನ್‌ಸ್ಪೆಕ್ಟರ್ ಏನೂ ಕೇಳಿರಲಿಲ್ಲ. ಆದರೂ ಬರೆದುಕೊಂಡಳು.

ಹಬೆಯಣ್ಣ ಬಾಯ್ಲರ್ ನೋಡಿಕೊಳ್ಳುವವನು. ಜಗಳ ಆಡಿದ್ದು ನಿಜ ಎಂದ. ಇಷ್ಟೇ ಅನಿಲ ಸಾಕೆಂದು ಸಾಹೇಬರು ಬರೆದುಕೊಟ್ಟರೆ ಎರಡನೇ ಬಾಯ್ಲರ್ ಮುಚ್ಚುತ್ತಾರೆ, ತನ್ನ ಕೆಲಸ ಹೋಗುತ್ತದೆ. ಬೆಳಿಗ್ಗೆಯೆಲ್ಲ ಬಾಯ್ಲರ್ ಮುಂದೆಯೇ ಇದ್ದೆ ಎಂದ. ಕಂಡವರು ಯಾರೂ ಇರಲಿಲ್ಲ. ಅವಳು ಅವನನ್ನು ಜೀಪು ಹತ್ತಿಸಿದಳು.

*

ಠಾಣೆಯ ಬೆಂಚಿನ ಮೇಲೆ ಹಬೆಯಣ್ಣನ ಹೆಂಡತಿ ಕೂತಿದ್ದಳು. ಅಳಲಿಲ್ಲ, ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು ಅನ್ನಿಸಿತು ಇನ್‌ಸ್ಪೆಕ್ಟರಿಗೆ. ಸಂಜೆಯೊಳಗೆ ಆರೋಪಿಯನ್ನು ನ್ಯಾಯಾಧೀಶರ ಮುಂದೆ ನಿಲ್ಲಿಸಿ ಎಂದು ಮೇಲಿನವರ ಅಪ್ಪಣೆ. ಸಾಹೇಬರು ತೀರಿಕೊಂಡರೆ ಅದು ಕೊಲೆ ಕೇಸು. ಆತುರಪಟ್ಟೆನೇ?

ಆಸ್ಪತ್ರೆಯಿಂದ ಡಾಕ್ಟರ ಫೋನ್ ಬಂತು. "ಏಟು ಹಿಂದಿನಿಂದ ಬಿದ್ದಿದೆ. ಎತ್ತರದಿಂದ ಬಿದ್ದವರ ಕೈಕಾಲು ಹೀಗಿರಲ್ಲ, ಒಂದು ಮೂಳೆನೂ ಮುರಿದಿಲ್ಲ. ಅಂಗೈ ಸ್ವಚ್ಛ. ಮೂಗಲ್ಲಿ ಮಾತ್ರ ಕಲ್ಲಿದ್ದಲ ಪುಡಿ."

ಅವಳು ತನ್ನ ಕೈ ನೋಡಿಕೊಂಡಳು. ಬೆಳಿಗ್ಗೆ ಆ ಏಣಿಯನ್ನು ಒಮ್ಮೆ ಹಿಡಿದಿದ್ದಳು. ಸೋಪು ಹಾಕಿ ತೊಳೆದರೂ ತುಕ್ಕಿನ ಕೆಂಪು ಹೋಗಿರಲಿಲ್ಲ.

"ಕಾರ್ಖಾನೆಯಲ್ಲಿ ಕಲ್ಲಿದ್ದಲು ಎಲ್ರೀ ಇದೆ?"

"ಎಲ್ಲೂ ಇಲ್ಲ ಮೇಡಂ," ಎಂದ ಕಾನ್‌ಸ್ಟೇಬಲ್. "ಎಲ್ಲಾ ಅನಿಲ. ಅಲ್ಲಿನ ನೆಲ ನಮ್ಮನೆ ಅಡುಗೆಮನೆಗಿಂತ ಚೊಕ್ಕಟ. ನಮ್ಮವಳ ಮುಂದೆ ಹೇಳಿಬಿಟ್ಟೀರ ಮತ್ತೆ."

ಅವಳು ಲಾಕಪ್ಪಿನ ಸರಳಿನ ಬಳಿ ಹೋದಳು. "ಬಾಯ್ಲರ್ ಬಿಟ್ಟು ಒಂದು ಗಳಿಗೆನೂ ಕದಲಲಿಲ್ವಾ?"

"ಹಬೆ ಓಡ್ತಿರುವಾಗ ಹೆಂಗೆ ಬಿಟ್ಟು ಹೋಗ್ಲಿ? ಇವತ್ತು ತೊಳೆಯೋದು ಬೇರೆ ಎರಡೆರಡು ಸಲ. ಮಡಿಸಿ ಕಟ್ಟೋಕೆ ರೆಡಿ ಇದ್ದ ಬಟ್ಟೆನ ಮತ್ತೆ ನೀರಿಗೆ ಹಾಕ್ಸಿದ್ರು."

"ಯಾರು?"

"ಮ್ಯಾನೇಜರ್. ಅನಿಲ ಪೋಲಾದ್ರೆ ಮೈಮೇಲೆ ಬರೋ ಮನುಷ್ಯ. ಇವತ್ತೇನು ಧಾರಾಳ ಅಂದ್ಕೊಂಡೆ."

*

ಅವಳು ಕಾರ್ಖಾನೆಯೊಳಗೆ ಸುತ್ತಾಡಿದಳು. ಒಳ್ಳೆಯ ಯಂತ್ರ ಬಂದರೆ ಕಡಿಮೆ ಉರಿಯಲ್ಲಿ ಹೆಚ್ಚು ಬಟ್ಟೆ ಆಗಲೂಬಹುದು. ತನಗೇನು ಗೊತ್ತು? ಹೊಸ ಯಂತ್ರ ಹುಡುಕಿದಳು. ಎಲ್ಲವೂ ಹಳೆಯವೇ. ಬಟ್ಟೆ ಒಣಗಿಸುವ ಯಂತ್ರಗಳ ಪೈಕಿ ಒಂದರ ಹೊರತು ಉಳಿದವು ತಣ್ಣಗಿದ್ದವು. ಅವುಗಳ ಬಾಗಿಲ ಹಿಡಿಕೆಯ ಮೇಲೆ ಜೇಡ ಮನೆ ಕಟ್ಟಿತ್ತು.

ಹಿಂದಿನ ಗೇಟಿನಿಂದ ಲಾರಿಯೊಂದು ಹೊರಟಿತು. ಚಕ್ರ ನೆಲಕ್ಕೆ ಅಂಟಿದ ಹಾಗೆ ಬಗ್ಗಿತ್ತು. ಎದುರಿನಿಂದ ಇನ್ನೊಂದು ಕುಣಿಯುತ್ತ ಬಂತು. ಎರಡರಲ್ಲೂ ಬಟ್ಟೆಯೇ. ಹೋದ ಲಾರಿಯ ಹಿಂದೆ ರಸ್ತೆಯುದ್ದಕ್ಕೂ ನೀರು ತೊಟ್ಟಿಕ್ಕಿತ್ತು.

ಆ ನೀರಿನ ಗೆರೆ ಹಿಡಿದು ಅವಳೂ ಕಾನ್‌ಸ್ಟೇಬಲ್ಲೂ ನಡೆದರು. ಒಂದು ಇಕ್ಕಟ್ಟಾದ ಗಲ್ಲಿ. ನಡುಮಧ್ಯಾಹ್ನವೂ ಎಲ್ಲ ಮನೆಗಳ ಕಿಟಕಿ ಮುಚ್ಚಿತ್ತು. ಬಿಸಿಲಿದ್ದರೂ ಹಗ್ಗದ ಮೇಲೆ ಒಂದು ಬಟ್ಟೆಯಿಲ್ಲ. ಗಲ್ಲಿಯ ಕೊನೆಗೆ ತಗಡಿನ ಶೆಡ್ಡು. ಒಳಗೆ ಕಲ್ಲಿದ್ದಲ ಕುಲುಮೆ ಧಗಧಗ ಉರಿಯುತ್ತಿತ್ತು.

ಕುಲುಮೆಗೆ ಕಲ್ಲಿದ್ದಲು ಹಾಕುತ್ತಿದ್ದ ಹೆಂಗಸು ಸಲಿಕೆ ಇಟ್ಟಳು. "ಎಲ್ಲಾ ಹೇಳ್ತೀನಿ," ಎಂದಳು. "ನಮ್ಮನ್ನು ಮಾತ್ರ ಕೇಸಿಗೆ ಎಳೀಬೇಡಿ, ಅಕ್ಕಾ."

*

"ಏಣಿ ಹತ್ತದ ಮನುಷ್ಯ ಏಣಿಯಿಂದ ಬೀಳಲ್ಲ," ಎಂದಳು ಇನ್‌ಸ್ಪೆಕ್ಟರ್, ಮ್ಯಾನೇಜರನ ಕೋಣೆಯಲ್ಲಿ. "ಒಣಗಿಸೋಕೇ ತಾನೆ ಹೆಚ್ಚು ಉರಿ ಬೇಕು? ಆ ಕೆಲಸಾನ ನೀವು ಶೆಡ್ಡಿಗೆ ಸಾಗಿಸಿದ್ರಿ. ಬಟ್ಟೆ ಇಲ್ಲಿಯ ಲೆಕ್ಕಕ್ಕೆ, ಹೊಗೆ ಯಾರ ಲೆಕ್ಕಕ್ಕೂ ಇಲ್ಲ. ಒದ್ದೆ ಬಟ್ಟೆ ಭಾರ, ಒಣಗಿದ್ದು ಹಗುರ. ಸಾಹೇಬರೂ ಲಾರಿ ನೋಡಿದ್ರು. ಬೆಳಿಗ್ಗೆ ಅದರ ಹಿಂದೆ ಹೋದ್ರು. ಅಲ್ಲಿ ನೀವು ಅವರ ತಲೆಗೆ ಹೊಡೆದ್ರಿ."

"ಯಾರು ಹೇಳಿದ್ದು?"

"ಮೊದಲು ನಿಮ್ಮ ಬಟ್ಟೆ ಹೇಳ್ತು. ಸಾಹೇಬರನ್ನ ಒಣಗಿದ ಬಟ್ಟೆ ಕೆಳಗೆ ಮುಚ್ಚಿ ತಂದು ಚಿಮಣಿ ಬುಡದಲ್ಲಿ ಹಾಕಿದ್ರಿ. ಬಟ್ಟೆಗೆ ರಕ್ತ, ಮಸಿ ಆಯ್ತು. ಅದಕ್ಕೇ ಮತ್ತೆ ತೊಳೆಸಿದ್ರಿ. ಅನಿಲಕ್ಕೆ ಅಷ್ಟು ಹಿಡಿತ ಮಾಡೋರು ಸಿದ್ಧವಾದ ಬಟ್ಟೆಗೆ ಎರಡನೇ ಸಲ ಹಬೆ ಯಾಕೆ ಕೊಡಿಸ್ತಾರೆ? ಆಮೇಲೆ ಶೆಡ್ಡಿನ ಹೆಂಗಸು ಹೇಳಿದ್ಲು. ಅವರನ್ನೆಲ್ಲ ಹೊರಗೆ ಕಳಿಸಿ, ಲಾರಿ ನೀವೇ ಓಡಿಸಿಕೊಂಡು ಬಂದ್ರಂತೆ."

ಮ್ಯಾನೇಜರ್ ಕನ್ನಡಕ ತೆಗೆದ. "ಮಾಲೀಕರು ಬೆಳೀರಿ ಅಂತಾರೆ. ಹೊಗೆ ಬಿಡಬೇಡಿ ಅಂತಾರೆ. ಹೊಸ ಯಂತ್ರ ಕೇಳಿದ್ರೆ ಇದ್ದಿದ್ರಲ್ಲೇ ಮಾಡು ಅಂತಾರೆ. ಪ್ರಮಾಣಪತ್ರ ಸಿಕ್ಕಿದ್ರೆ ನಾನು ಪಾಲುದಾರ ಆಗ್ತಿದ್ದೆ. ಒಂದು ವಾರ ಸುಮ್ಮನಿರಿ ಅಂತ ಅವರ ಕೈ ಹಿಡಿದು ಬೇಡ್ಕೊಂಡೆ. ಕೇಳಲಿಲ್ಲ. ತಿರುಗಿ ಹೊರಟ್ರು."

ಕಾನ್‌ಸ್ಟೇಬಲ್ ಅವನ ತೋಳು ಹಿಡಿದ.

*

ಸಾಹೇಬರು ಕಣ್ಣು ಬಿಟ್ಟರು ಎಂಬ ಸುದ್ದಿ ಠಾಣೆಗೆ ಮೊದಲೇ ಮುಟ್ಟಿತ್ತು. ಇನ್‌ಸ್ಪೆಕ್ಟರ್ ಲಾಕಪ್ಪಿನ ಬೀಗ ತಾನೇ ತೆಗೆದಳು.

"ತಪ್ಪು ನಂದು," ಎಂದಳು.

ಹಬೆಯಣ್ಣ ಹೊರಬಂದ. ನಡೆದದ್ದನ್ನೆಲ್ಲ ಕೇಳಿಸಿಕೊಂಡ. "ಹಂಗಾದ್ರೆ ಒಣಗಿಸೋ ಕೆಲಸ ವಾಪಸ್ ಬರುತ್ತೆ. ಎರಡನೇ ಬಾಯ್ಲರ್ ಉಳಿಯುತ್ತೆ. ಇಲ್ಲ, ಕಾರ್ಖಾನೆನೇ ಮುಚ್ಚುತ್ತೆ. ಯಾವುದು ಮೇಡಂ?"

"ಗೊತ್ತಿಲ್ಲ."

"ಶೆಡ್ಡಿನವರು?"

ಇನ್‌ಸ್ಪೆಕ್ಟರ್ ಬೀಗದ ಕೈಯನ್ನು ಮೊಳೆಗೆ ತಗುಲಿಸಿದಳು.

ಹೆಂಡತಿ ಬೆಂಚಿನಿಂದ ಎದ್ದಳು. "ಅವರನ್ನೇನು ಕೇಳ್ತೀರಾ," ಎಂದಳು. "ಮೊದಲು ಮನೆಗೆ ನಡೀರಿ."